ಪೂಜೆಗೆ ಕೂತ ಮೋಟಾರು

ಆಯುಧಪೂಜೆಯ ಬೆಳಿಗ್ಗೆ ಸ್ಕೂಟರಿಗೆ ನೀರು ಹೊಡೆಯುತ್ತಿದ್ದ ಲಕ್ಷ್ಮೀನರಸಿಂಹಯ್ಯನವರು ಒದ್ದೆ ಕೈಯಲ್ಲೇ ಫೋನ್ ಎತ್ತಿದ್ದು ತಪ್ಪಾಯಿತು. ಎತ್ತದೆ ಇದ್ದಿದ್ದರೆ ಅಕ್ಕ ಇನ್ನೊಂದು ಸಲ ಮಾಡುತ್ತಿದ್ದಳು. ಅಷ್ಟರಲ್ಲಿ ಯೋಚನೆ ಮಾಡಿ ಮಾತಾಡುವುದಕ್ಕೆ ಒಂಚೂರು ಸಮಯವಾದರೂ ಸಿಗುತ್ತಿತ್ತು.

“ನರಸಿಂಹ, ನಾನ್ ಕಣ್ಲಾ, ಪುಟ್ಟಕ್ಕ. ಕುಣಿಗಲ್ ಬಸ್‌ಸ್ಟ್ಯಾಂಡಿಗೆ ಹೊಂಟಿದೀನಿ. ಮಧ್ಯಾನ್ನದ ಊಟಕ್ಕೆ ನಿಮ್ಮನೇಗೇ ಬತ್ತೀನಿ.”

“ಬಾರಕ್ಕ, ಬಾ. ಕಣ್ಣು ಹೆಂಗಿದೆ?”

“ಪೊರೆ ತೆಗೆದ್ ಮ್ಯಾಕೆ ಫಸ್ಟ್‌ಕ್ಲಾಸಾಗದೆ ಕಣ್ಲಾ. ಗೋಡೆ ಮೇಲಿರೋ ಜೇಡನ ಕಾಲೂ ಕಾಣ್ತವೆ. ಆ ಜೇಡನ್ನೇ ನೋಡಿ ನೋಡಿ ಸಾಕಾಯ್ತು. ಇವತ್ತು ನಿನ್ ದೋಣಿ ಓಡ್ಸಿ ತೋರ್ಸು. ಅದೊಂದ್ ನೋಡ್ಬೇಕು ಅಂತ ಭಾಳ ಆಸೆ ಆಗದೆ.”

“ಅದಕ್ಕೇನಕ್ಕ, ಓಡಿಸಿದ್ರಾಯ್ತು” ಅಂದುಬಿಟ್ಟರು ಲಕ್ಷ್ಮೀನರಸಿಂಹಯ್ಯ.

ಪುಟ್ಟಗಂಗಮ್ಮ, ಅಂದರೆ ಪುಟ್ಟಕ್ಕ, ತಮ್ಮನನ್ನು ಜೀವಮಾನದಲ್ಲಿ ಏನೂ ಕೇಳಿದವಳಲ್ಲ. ಹಬ್ಬಕ್ಕೆ ಸೀರೆ ಕೊಟ್ಟರೂ “ಯಾಕ್ಲಾ ಇದೆಲ್ಲ” ಎಂದು ಬೈದು ತೆಗೆದುಕೊಳ್ಳುವ ಹೆಂಗಸು. ಅಂಥವಳು ಬಾಯಿಬಿಟ್ಟು ಒಂದು ಆಸೆ ಹೇಳಿಕೊಂಡಿದ್ದಾಳೆ. ಇವತ್ತು ಆಕಾಶ ಕಳಚಿ ಬಿದ್ದರೂ ದೋಣಿ ಓಡಲೇಬೇಕು ಎಂದು ತೀರ್ಮಾನ ಮಾಡಿ ಲಕ್ಷ್ಮೀನರಸಿಂಹಯ್ಯನವರು ಉಳಿದ ನೀರನ್ನು ಸ್ಕೂಟರಿನ ಮೇಲೆ ಸುರಿದರು.

ಹೈಸ್ಕೂಲ್ ಗುಮಾಸ್ತಿಕೆಯಿಂದ ನಿವೃತ್ತರಾಗಿ, ತುಮಕೂರಿನ ಮರಳೂರಿನಲ್ಲಿ ಮನೆ ಕಟ್ಟಿಕೊಂಡು, ಹೆಂಡತಿ ಸುಬ್ಬಲಕ್ಷ್ಮಮ್ಮನವರ ಕಣ್ಗಾವಲಿನಲ್ಲಿ ಸುಖವಾಗಿದ್ದ ಮನುಷ್ಯ ಅವರು. ಬೀಡಿಯಿಲ್ಲ, ಎಲೆಅಡಿಕೆಯಿಲ್ಲ. ಇದ್ದದ್ದು ಹಳೇ ಮೋಟಾರಿನ ಹುಚ್ಚು ಒಂದೇ. ಯಾವುದೋ ದೇಶದ ಮುದುಕರು ಟೋಪಿ ಹಾಕಿಕೊಂಡು ಕೊಳದ ದಡದಲ್ಲಿ ನಿಂತು, ತಾವು ಹುಡುಗರಾಗಿದ್ದಾಗಿನ ಆಟದ ದೋಣಿಗಳನ್ನು ಅದೇ ಹಳೇ ಪುಟಾಣಿ ಮೋಟಾರುಗಳಲ್ಲಿ ಓಡಿಸುವ ವಿಡಿಯೋಗಳು ಮೊಬೈಲಿನಲ್ಲಿ ಬರುತ್ತವೆ. ಅವನ್ನು ನೋಡುತ್ತ ಕೂತರೆ ಕಾಫಿ ಆರಿ ಕೆನೆಗಟ್ಟಿದರೂ ಇವರಿಗೆ ಎಚ್ಚರವಿರುತ್ತಿರಲಿಲ್ಲ. “ನೋಡೇ ಸುಬ್ಬು, ಇವರೆಲ್ಲ ನಮ್ಮೋರು ಕಣೇ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಯಾಕೆಂದರೆ ಅವರ ಹತ್ತಿರವೂ ಅಂಥದ್ದೊಂದಿತ್ತು. ಗುಬ್ಬಿಯಲ್ಲಿ ಹುಡುಗನಾಗಿದ್ದಾಗ, ಬೊಂಬಾಯಿಯ ಗಿರಣಿಯಲ್ಲಿದ್ದ ಸೋದರಮಾವ ರಜಕ್ಕೆ ಬಂದವನು ಟವಲಿನಲ್ಲಿ ಸುತ್ತಿ ತಂದುಕೊಟ್ಟ ಮೋಟಾರು. ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು. ಹಸಿರು ಬಣ್ಣದ ತಗಡಿನ ಮೈ, ಪಕ್ಕದಲ್ಲೊಂದು ಕಿಂಡಿ, ಕಿಂಡಿಯಲ್ಲಿ ಇಣುಕುವ ಹೊಂಬಣ್ಣದ ತಾಮ್ರದ ತಂತಿ. ಮಾವನೇ ಹಾಲುವಾಣದ ಮರ ಕೆತ್ತಿ ಮೊಳದುದ್ದದ ದೋಣಿ ಮಾಡಿ, ಹಿಂದುಗಡೆ ಹಿತ್ತಾಳೆಯ ಪುಟ್ಟ ಫ್ಯಾನು ಕೂರಿಸಿದ್ದ. ಒಂದು ಭಾನುವಾರ, ಇಡೀ ಕ್ಲಾಸಿನ ಹುಡುಗರ ಎದುರಿಗೆ, ಗುಬ್ಬಿ ಕೆರೆಯ ಕೋಡಿ ಪಕ್ಕದ ಹೊಂಡದಲ್ಲಿ ಆ ದೋಣಿ ಗುಂಯ್ ಎನ್ನುತ್ತ ಈ ದಡದಿಂದ ಆ ದಡಕ್ಕೆ ಹೋಯಿತು. ಆ ದಡದಲ್ಲಿ ಪುಟ್ಟಕ್ಕ ಲಂಗ ಎತ್ತಿ ಕಟ್ಟಿಕೊಂಡು ನಿಂತು ಅದನ್ನು ಹಿಡಿದುಕೊಂಡಳು. ಮಾರನೇ ದಿನದಿಂದ ಸ್ಕೂಲಿನಲ್ಲಿ ನರಸಿಂಹನಿಗೆ ಮೊದಲನೇ ಬೆಂಚು ಬಿಟ್ಟುಕೊಟ್ಟರು.

ಆಮೇಲೆ ಅದನ್ನು ಅವರು ಓಡಿಸಲೇ ಇಲ್ಲ. ಓಡಿಸಿದರೆ ಸವೆಯುವುದಿಲ್ಲವೇ? ಅಂಥ ಮೋಟಾರು ಮತ್ತೆಲ್ಲಿ ಸಿಗಬೇಕು? ವರ್ಷವೆಲ್ಲ ಅದು ಬಿಸ್ಕತ್ತಿನ ಡಬ್ಬಿಯಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿರುತ್ತಿತ್ತು. ಆಯುಧಪೂಜೆಯ ದಿನ ಎದ್ದು, ಕೊಬ್ಬರಿ ಎಣ್ಣೆ ಸವರಿಸಿಕೊಂಡು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿದು ಮಣೆಯ ಮೇಲೆ ಕೂರುತ್ತಿತ್ತು. ಮತ್ತೆ ಡಬ್ಬಿ. ಐವತ್ತು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ದಿನ ಕೆಲಸ ಮಾಡಿ, ಮಿಕ್ಕ ದಿನವೆಲ್ಲ ಮರ್ಯಾದೆ ತೆಗೆದುಕೊಂಡ ನೌಕರ ಅದೊಂದೇ ಇರಬೇಕು.

“ಈಗಿನ ಮೋಟಾರು ಮೋಟಾರೇನ್ರೀ? ಪ್ಲಾಸ್ಟಿಕ್ಕು! ಸದ್ದು ಕೇಳಿದೀರಾ? ಸೊಳ್ಳೆ ಕೂಗಿದಂಗೆ. ನಮ್ಮದು ಗುಂಯ್ ಅನ್ನುತ್ತೆ, ತಂಬೂರಿ ಮೀಟಿದಂಗೆ” ಎಂದು ಅವರು ಬೀದಿಯಲ್ಲಿ ಹೇಳದ ಜನವಿಲ್ಲ, ಹೇಳದ ದಿನವಿಲ್ಲ.

ಫೋನಿಟ್ಟು ಒಳಗೆ ಬರುವ ಹೊತ್ತಿಗೆ ಸುಬ್ಬಲಕ್ಷ್ಮಮ್ಮ ಪೂಜೆ ಮುಗಿಸಿಬಿಟ್ಟಿದ್ದರು. ಹಾಲ್‌ನಲ್ಲಿ ಮಿಕ್ಸಿ, ಹೊಲಿಗೆ ಮಿಷನ್ನು, ಈಳಿಗೆಮಣೆ, ಸುತ್ತಿಗೆ, ಸ್ಕ್ರೂಡ್ರೈವರು, ಇಕ್ಕಳ ಎಲ್ಲವೂ ಮದುವೆಗೆ ಬಂದ ನೆಂಟರ ಥರ ಸಾಲಾಗಿ ಕೂತಿದ್ದವು. ನಡುವೆ ದೋಣಿ. ಅದರ ಮೋಟಾರಿನ ಮೇಲೆ ಕುಂಕುಮ ಎಷ್ಟಿತ್ತೆಂದರೆ ಹಸಿರು ಬಣ್ಣ ಹುಡುಕಿಕೊಳ್ಳಬೇಕಾಗಿತ್ತು.

ಲಕ್ಷ್ಮೀನರಸಿಂಹಯ್ಯನವರು ಕೈ ಚಾಚಿದರು.

“ಏನ್ರೀ! ಪೂಜೆಗಿಟ್ಟಿದ್ದನ್ನ ಮುಟ್ತಾರೇನ್ರೀ? ನಾಳೆ ವಿಜಯದಶಮಿ ಪೂಜೆ ಆಗೋವರೆಗೂ ಒಂದನ್ನೂ ಅಲ್ಲಾಡಿಸಂಗಿಲ್ಲ.”

“ಅಕ್ಕ ನೋಡಬೇಕು ಅಂದಿದಾಳೆ ಕಣೇ. ಪಾಪ, ಕಣ್ಣು ಬಂದಿದೆ ಅವಳಿಗೆ.”

“ಅತ್ತಿಗೆಗೆ ನಾಳೆ ತೋರ್ಸಿ.”

“ಸಾಯಂಕಾಲದ ಬಸ್ಸಿಗೇ ವಾಪಸ್ ಹೊರಡ್ತಾಳೆ, ಅವಳ ಎಮ್ಮೆ ಕಾಯ್ತಿರುತ್ತೆ!”

ಗಂಡ ಹೆಂಡಿರ ಜಗಳ ಎದುರು ಮನೆಯ ಕಲ್ಲಮ್ಮನವರಿಗೆ ಕೇಳಿಸದೆ ಇರುವುದುಂಟೇ? ಮಡಿಲಲ್ಲಿ ಕಡ್ಲೆಪುರಿ ಹಾಕಿಕೊಂಡು ಬಂದೇಬಿಟ್ಟರು. ಶಾಸ್ತ್ರ ಸಂಪ್ರದಾಯದ ವಿಷಯದಲ್ಲಿ ಆ ಬೀದಿಗೆ ಅವರದೇ ಕೊನೇ ಮಾತು. ಎರಡೂ ಕಡೆಯ ವಾದ ಕೇಳಿ, ಪುರಿ ಅಗಿಯುತ್ತ ಯೋಚಿಸಿ, ತೀರ್ಪು ಕೊಟ್ಟರು.

“ಸ್ಕೂಟ್ರು ಕಾರು ಪೂಜೆ ಮಾಡಿ ಒಂದು ರೌಂಡು ಹೊಡ್ಕಂಡ್ ಬರ್ತಾರಾ ಇಲ್ವಾ? ದೋಣಿ ಅಂದ್ರೆ ವಾಹನ. ಹೋಗ್ಬೋದು. ಸ್ಕ್ರೂಡ್ರೈವರು, ಸುತ್ತಿಗೆ ಆಯುಧ. ಅವು ಏಳಂಗಿಲ್ಲ. ಆದ್ರೆ ವಾಹನ ಅಂದ್ ಮೇಲೆ ನಿಂಬೆಹಣ್ಣು ತುಳಿಸ್ಬೇಕು.”

ದೋಣಿಗೆ ಚಕ್ರವೆಲ್ಲಿದೆ? ಕೊನೆಗೆ ಅಂಗಳದಲ್ಲಿ ನಿಂಬೆಹಣ್ಣಿಟ್ಟು, ಮೇಲೆ ದೋಣಿಯಿಟ್ಟು, ಲಕ್ಷ್ಮೀನರಸಿಂಹಯ್ಯನವರು ಅಂಗೈಯಲ್ಲಿ ಮೆಲ್ಲಗೆ ಅದುಮಿದರು. ಹಣ್ಣು ಒಡೆಯಲಿಲ್ಲ. ಕಲ್ಲಮ್ಮನವರು “ಇನ್ನೊಂಚೂರು” ಅಂದರು. ಇನ್ನೊಂಚೂರು ಅದುಮಿದಾಗ ಪಟ್ಟೆಂದು ಒಡೆದು ರಸವೆಲ್ಲ ಅವರ ಕಣ್ಣಿಗೇ ಹಾರಿತು.

ಉರಿಯುವ ಕಣ್ಣಿನಲ್ಲೇ ಅವರು ಹೊಸ ಸೆಲ್ಲುಗಳನ್ನು ಹಾಕಿ ತಂತಿ ಮುಟ್ಟಿಸಿದರು. ಮೋಟಾರು ಸುಮ್ಮನಿತ್ತು. ಸೆಲ್ಲು ತಿರುಗಿಸಿ ಹಾಕಿದರು. ಆಗಲೂ ಸುಮ್ಮನಿತ್ತು. ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಕಿಂಡಿಯಿಂದ ಕುಂಕುಮ ಉದುರಿತು.

“ಸುಬ್ಬೂ! ಏನೇ ಮಾಡ್ದೆ ನನ್ ಮೋಟಾರ್‌ಗೆ?” ಎಂದು ಅವರು ಕೂಗಿದ್ದಕ್ಕೆ ಬೀದಿ ನಾಯಿ ಎದ್ದು ಜಾಗ ಬದಲಾಯಿಸಿತು.

“ನಾನೇನ್ ಮಾಡ್ದೆ? ವರ್ಷಾ ವರ್ಷಾ ಹಚ್ಚಿದ್ದನ್ನೇ ಹಚ್ಚಿದೀನಪ್ಪ.”

ಕೂಗು ಕೇಳಿ ಪಕ್ಕದ ಮನೆಯ ಗಂಗಾಧರ ಕಾಂಪೌಂಡು ಹಾರಿ ಬಂದ. ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರು. ಯಾರೂ ಕರೆಯದಿದ್ದರೂ ಮೊದಲು ಬರುವವನು, ಗೊತ್ತಿಲ್ಲದ ಕೆಲಸವನ್ನೂ ಮನಸ್ಸಿಟ್ಟು ಮಾಡುವವನು. ಮೋಟಾರನ್ನು ದೋಣಿಯಿಂದ ಕೈಯಲ್ಲೇ ಕಳಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

“ನರಸಿಂಹಣ್ಣ, ಒಳಗಡೆ ಕುಂಕುಮ ಜಾಮ್ ಆಗೈತೆ. ಬಿಚ್ಚಿ ಕ್ಲೀನ್ ಮಾಡಿದ್ರೆ ಆಯ್ತು, ಎಲ್ಡು ನಿಮಿಷದ ಕೆಲ್ಸ. ಸ್ಕ್ರೂಡ್ರೈವರ್ ಕೊಡಿ.”

ಲಕ್ಷ್ಮೀನರಸಿಂಹಯ್ಯನವರು ಹಾಲ್ ಕಡೆ ನೋಡಿದರು. ಹೂ ಮುಡಿದು ಕೂತಿದ್ದ ಸ್ಕ್ರೂಡ್ರೈವರಿನ ಮುಂದೆ ಸುಬ್ಬಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ನಿಮ್ಮನೇದು ತಾರಪ್ಪಾ” ಅಂದರು ಲಕ್ಷ್ಮೀನರಸಿಂಹಯ್ಯ.

“ನಮ್ಮನೇದೂ ಪೂಜೇಲಿ ಕೂತೈತಣ್ಣ. ನಮ್ಮೆಂಡ್ತಿ ನಿಮ್ಮನೆಯೋರಿಗಿಂತ ಜೋರು.”

ಅಲ್ಲಿಗೆ ವಿಷಯ ಮನದಟ್ಟಾಯಿತು. ಅವತ್ತು ತುಮಕೂರಿನ ಸ್ಕ್ರೂಡ್ರೈವರುಗಳೆಲ್ಲ ರಜದ ಮೇಲಿದ್ದವು. “ಹಿರೇಹಳ್ಳಿಗೆ ಹೋಗನ ಬನ್ನಿ, ಅಷ್ಟೊಂದು ವರ್ಕ್‌ಶಾಪಲ್ಲಿ ಒಬ್ಬನಾದ್ರೂ ಧೈರ್ಯಸ್ಥ ಇರಲ್ವಾ?” ಎಂದ ಗಂಗಾಧರ. ಇಬ್ಬರೂ ಬಾಳೆಕಂದು ಕಟ್ಟಿದ ಸ್ಕೂಟರ್ ಹತ್ತಿದರು. ದಾರಿಯುದ್ದಕ್ಕೂ ಬಾಳೆಕಂದು ಲಕ್ಷ್ಮೀನರಸಿಂಹಯ್ಯನವರ ಕೆನ್ನೆಗೆ ಬಡಿಯುತ್ತ ಬಂತು.

ಹಿರೇಹಳ್ಳಿಯಲ್ಲಿ ಎಂಥ ಸ್ವಾಗತ ಅಂತೀರಿ! ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯ ಮಾಲೀಕ ಬಾಗಿಲಲ್ಲೇ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದ. “ಬನ್ನಿ ಯಜಮಾನ್ರೇ, ಒಳ್ಳೇ ಟೈಮಿಗ್ ಬಂದ್ರಿ, ಮಂಗಳಾರತಿ ತಗಳಿ.” ಪುರಿ ಕೊಟ್ಟ, ಲಾಡು ಕೊಟ್ಟ. ಕೈಯಲ್ಲಿದ್ದ ಪುಟಾಣಿ ಮೋಟಾರು ನೋಡಿ ಅವನಿಗೆ ಕಣ್ಣು ತುಂಬಿ ಬಂತು. “ಆಹಾ, ಎಂಥ ಪೀಸು! ಪೂಜೆ ಮಾಡ್ಸಕ್ಕೆ ತಂದ್ರಾ?” ಎಂದವನೇ, ಇವರು ಬೇಡ ಬೇಡ ಅನ್ನುವಷ್ಟರಲ್ಲಿ ಗಂಧ ಬಳಿದು, ಕಿಂಡಿಯ ನೆತ್ತಿಗೆ ಸರಿಯಾಗಿ ಕುಂಕುಮ ಒತ್ತಿಬಿಟ್ಟ.

“ಅಯ್ಯೋ, ಬಿಚ್ಚೋಕೆ ತಂದಿದ್ದು ಕಣಪ್ಪಾ!”

“ಇವತ್ತಾ?” ಮಾಲೀಕ ನಾಲಗೆ ಕಚ್ಚಿಕೊಂಡ. “ನಾಳೆ ತನ್ನಿ, ಜೀವ ಕೊಟ್ಟು ಮಾಡ್ಕೊಡ್ತೀನಿ.”

ಎರಡನೇ ಅಂಗಡಿಯಲ್ಲೂ ಇದೇ ಕತೆ. ಮೂರನೆಯದರಲ್ಲಿ ಬೂದುಗುಂಬಳಕಾಯಿ ಒಡೆಯುವಾಗ ಒಂದು ಹೋಳು ಬಂದು ಅವರ ಬಿಳೀ ಪಂಚೆಯ ಮೇಲೆ ಕೂತಿತು. ಹೊರಟಾಗ ಇದ್ದದ್ದಕ್ಕಿಂತ ಮೂರು ಪಟ್ಟು ಕೆಂಪಾದ ಮೋಟಾರು, ಒಂದು ಚೀಲ ಕಡ್ಲೆಪುರಿ, ಇಷ್ಟನ್ನು ಸಂಪಾದಿಸಿಕೊಂಡು ಅವರು ವಾಪಸ್ ತಿರುಗಿದರು.

“ಅಣ್ಣ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ” ಎಂದ ಗಂಗಾಧರ ದಾರಿಯಲ್ಲಿ. “ಆಟದ ಸಾಮಾನಿನ ಅಂಗಡಿ ತೆಗ್ದಿರ್ತವೆ. ರಿಮೋಟ್ ದೋಣಿನೇ ಸಿಗುತ್ತೆ. ಒಂದು ತಗಂಡು...”

ಲಕ್ಷ್ಮೀನರಸಿಂಹಯ್ಯನವರು ಸ್ಕೂಟರ್ ನಿಲ್ಲಿಸಿಯೇಬಿಟ್ಟರು. “ಗಂಗಾಧರ, ನಮ್ಮಕ್ಕ ಕೇಳಿದ್ದು ಆಟದ ಸಾಮಾನಲ್ಲಪ್ಪಾ. ನಾವಿಬ್ರೂ ಚಿಕ್ಕೋರಾಗಿದ್ದಾಗ ನೋಡಿದ್ದನ್ನ ಕೇಳಿದಾಳೆ. ಅವಳು ಮತ್ತೆ ಯಾವತ್ತು ಕೇಳ್ತಾಳೋ, ಏನೋ.” ಎಂದು ಸ್ಕೂಟರಿಗೆ ಮತ್ತೆ ಕಿಕ್ ಹೊಡೆದರು.

ಮನೆಯಲ್ಲಿ ಪುಟ್ಟಕ್ಕ ಆಗಲೇ ಬಂದು ಕೂತು, ಹೊಸ ಕಣ್ಣಿನಿಂದ ಮನೆಯ ಮೂಲೆ ಮೂಲೆಯ ಧೂಳು ಎಣಿಸಿ ಸುಬ್ಬಲಕ್ಷ್ಮಮ್ಮನವರ ಬಿಪಿ ಏರಿಸಿದ್ದಳು. ತಮ್ಮನನ್ನು ನೋಡಿ “ಏನ್ಲಾ, ಇಷ್ಟೊಂದ್ ಬೆಳ್ಳಗಾಗೋಗವೆ ಕೂದ್ಲು? ನಂಗೆ ಕಂಡೇ ಇರ್ಲಿಲ್ಲ” ಎಂದು ಕೆನ್ನೆ ಸವರಿದಳು. ಒಬ್ಬಟ್ಟು ತಿನ್ನುವಾಗ ದೋಣಿ, ಎಲೆಅಡಿಕೆ ಹಾಕುವಾಗ ದೋಣಿ. “ಸಂಜೆ ಎಷ್ಟೊತ್ತಿಗ್ಲಾ?” ಎಂದು ಅವಳು ಕೇಳಿದಾಗೆಲ್ಲ ಲಕ್ಷ್ಮೀನರಸಿಂಹಯ್ಯನವರಿಗೆ ಒಬ್ಬಟ್ಟು ಎದೆಯಲ್ಲೇ ನಿಲ್ಲುತ್ತಿತ್ತು.

ಸಾಲದ್ದಕ್ಕೆ ಕಲ್ಲಮ್ಮನವರು ಬಡಾವಣೆಯ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ್ದರು. ಗಣಪತಿ ಬಿಡುವುದಕ್ಕೆಂದು ಪಾರ್ಕಿನಲ್ಲಿ ಕಟ್ಟಿಸಿದ ಕಲ್ಯಾಣಿಯಲ್ಲಿ ಐವತ್ತು ವರ್ಷದ ಹಳೇ ಮೋಟಾರ್ ದೋಣಿ ಓಡುತ್ತದೆ, ಎಲ್ಲರೂ ಬನ್ನಿ ಅಂತ.

ಲಕ್ಷ್ಮೀನರಸಿಂಹಯ್ಯನವರು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಗಂಗಾಧರ ಬಂದು ಪಕ್ಕದಲ್ಲಿ ಕುಕ್ಕರಿಸಿದ.

“ಅಣ್ಣ, ಮೋಟಾರು ಓಡ್ಬೇಕಾ, ದೋಣಿ ಓಡ್ಬೇಕಾ?”

“ಏನ್ ಹಂಗಂದ್ರೆ?”

“ಕಲ್ಯಾಣಿ ಆಚೆ ಕಡೆ ಕಣಗಿಲೆ ಗಿಡ ಐತಲ್ಲ, ಅದರ ಹಿಂದೆ ನಾನ್ ಕೂತ್ಕೋತೀನಿ. ಕಪ್ಪು ಹೊಲಿಗೆ ದಾರ. ನೀರಲ್ಲಿ ಯಾರಿಗೂ ಕಾಣಲ್ಲ.”

“ಛೀ ಛೀ! ಆ ಮೋಟಾರಿನ ಮರ್ಯಾದೆ ಏನಾಗ್ಬೇಕೋ? ಮೋಸ ಅಲ್ವೇನೋ ಅದು?”

“ಮತ್ತೆ ಅಕ್ಕನಿಗೆ ಓಡಲ್ಲ ಅಂತ ಹೇಳ್ಬಿಡಿ.”

ಒಳಗಿನಿಂದ ಪುಟ್ಟಕ್ಕನ ದನಿ ಕೇಳಿತು. “ಸುಬ್ಬಮ್ಮಾ, ಒಸಿ ಕನ್ನಡಕ ಒರೆಸ್ಕೊಡವ್ವ. ದೋಣಿ ಚೆಂದಾಗಿ ಕಾಣ್ಬೇಕು.”

ಲಕ್ಷ್ಮೀನರಸಿಂಹಯ್ಯನವರು ಎದ್ದು ಹೋಗಿ ಹೆಂಡತಿಯನ್ನು ದಾರ ಕೇಳಿದರು. ಹೊಲಿಗೆ ಮಿಷನ್ನು ಆಯುಧ, ಆದರೆ ದಾರ ಆಯುಧವಲ್ಲ ಎಂದು ಸುಬ್ಬಲಕ್ಷ್ಮಮ್ಮ ತಾವೇ ತೀರ್ಪು ಕೊಟ್ಟರು.

ಬಿಸಿಲು ಇಳಿಯುವ ಹೊತ್ತಿಗೆ ಕಲ್ಯಾಣಿಯ ಸುತ್ತ ಜನವೋ ಜನ. ಹೊಸ ಬಟ್ಟೆ ಹಾಕಿಕೊಂಡ ಮಕ್ಕಳು, ಮೊಬೈಲ್ ಎತ್ತಿ ಹಿಡಿದ ಅಪ್ಪಂದಿರು. ಲಕ್ಷ್ಮೀನರಸಿಂಹಯ್ಯನವರು ದೋಣಿ ನೀರಿಗಿಟ್ಟು, ಸೆಲ್ಲಿಗೆ ತಂತಿ ಮುಟ್ಟಿಸುವವರಂತೆ ನಟಿಸಿ, ಆಚೆ ದಡದ ಕಣಗಿಲೆಗೆ ಕೇಳುವ ಹಾಗೆ “ಹೊರಟ್ತು!” ಎಂದು ಕೂಗಿದರು.

ದೋಣಿ ಹೊರಟಿತು! ನೀರು ಸೀಳಿಕೊಂಡು, ಮೂತಿ ಎತ್ತಿಕೊಂಡು, ಗಾಂಭೀರ್ಯದಿಂದ ಹೊರಟಿತು. ಜನ ಹೋ ಅಂದರು. ನಡುನೀರಿಗೆ ಬಂದಾಗ ಕಣಗಿಲೆ ಗಿಡದೊಳಗೆ ಫೋನು ರಿಂಗಾಯಿತು. ದೋಣಿ ಗಕ್ಕನೆ ನಿಂತಿತು. “ಸೇಮ್ ಟು ಯೂ ಸಾರ್, ಹಬ್ಬ ಜೋರು ಸಾರ್” ಎಂದು ಗಿಡ ಮಾತಾಡಿತು.

“ಯಾಕ್ರೀ ನಿಂತ್ಕೊಂಡ್ತು?” ಎಂದು ಯಾರೋ ಕೇಳಿದರು.

“ಹಳೇ ಮೋಟಾರಲ್ವಾ, ಸುಧಾರಿಸ್ಕೊಳ್ತಿದೆ” ಎಂದರು ಲಕ್ಷ್ಮೀನರಸಿಂಹಯ್ಯ.

ಫೋನು ಮುಗಿಸಿದ ಗಂಗಾಧರ ತಡವಾದ ಗಾಬರಿಗೆ ಜೋರಾಗಿ ಎಳೆದ. ದೋಣಿ ಕಪ್ಪೆಯಂತೆ ನೆಗೆದು, ಮಿಕ್ಕ ನೀರನ್ನು ಒಂದೇ ಉಸಿರಿಗೆ ದಾಟಿ ಕಟ್ಟೆಗೆ ಢೀ ಹೊಡೆಯಿತು. ಚಪ್ಪಾಳೆಯೇ ಚಪ್ಪಾಳೆ. “ಐವತ್ತು ವರ್ಷ ಆದ್ರೂ ಪಿಕಪ್ ನೋಡ್ರೀ!” ಎಂದು ಜನ ಲಕ್ಷ್ಮೀನರಸಿಂಹಯ್ಯನವರ ಕೈ ಕುಲುಕಿದರು. ಪುಟ್ಟಕ್ಕ ಮಾತ್ರ ಕಲ್ಲು ಬೆಂಚಿನ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಭುಜ ಅಲುಗುತ್ತಿತ್ತು. ಅಕ್ಕ ಅಳುತ್ತಿದ್ದಾಳೆ ಎಂದುಕೊಂಡು ತಮ್ಮ ಓಡಿಹೋಗಿ ಪಕ್ಕದಲ್ಲಿ ಕೂತರು. ಅವಳು ನಗುತ್ತಿದ್ದಳು.

“ಯಾರ್ಲಾ ಅವ್ನು ಎಳ್ದೋನು? ಕೈನಾಗೆ ಒಂಚೂರೂ ಹದ ಇಲ್ವಲ್ಲಾ!”

ಲಕ್ಷ್ಮೀನರಸಿಂಹಯ್ಯನವರ ಮುಖ ಸುಣ್ಣವಾಯಿತು. “ಎಳೆಯೋದು... ಏನಕ್ಕ ಎಳೆಯೋದು?”

“ಥೂ ನಿನ್ನ! ಗುಬ್ಬೀಲಿ ನಾನು ಎಳ್ದ ದೋಣಿನ ನಂಗೇ ತೋರುಸ್ತೀಯೇನ್ಲಾ?”

“ಏನಂದೆ?”

“ಆ ಮೋಟಾರು ಯಾವತ್ ಓಡಿತ್ತು? ನಮ್ಮಾವ ಬೊಂಬಾಯಿ ಗುಜರಿನಾಗೆ ತಂದಿದ್ದ. ಹಿಂದಿನ್ ದಿನವೇ ಸೆಲ್ ಹಾಕಿ ನೋಡಿದ್ರೆ ಉಸ್ರೇ ಇಲ್ಲ. ನೀನೋ, ಕ್ಲಾಸಿಗೆಲ್ಲ ಸಾರ್ಕಂಡ್ ಬಂದಿದ್ದೆ. ಮಗ ಅಳ್ತದೆ ಕಣವ್ವ, ಏನಾರ ಮಾಡು ಅಂದ ಮಾವ. ಮಲ್ಲಿಗೆ ಕಟ್ಟೋ ದಾರ ಹಾಕಿ ನಾನೇ ಎಳ್ದೆ.”

ಲಕ್ಷ್ಮೀನರಸಿಂಹಯ್ಯನವರಿಗೆ ತಾವು ಕೂತಿದ್ದ ಬೆಂಚೇ ಕುಸಿದಂತಾಯಿತು. ಕೊನೆಯದೊಂದು ಆಸೆ ಹಿಡಿದು ಕೇಳಿದರು. “ಮತ್ತೆ ಸದ್ದು? ಗುಂಯ್ ಅಂತ ಸದ್ದು ಬಂತಲ್ಲಕ್ಕ. ನನ್ನ ಕಿವಿಯಾರೆ ಕೇಳಿದೀನಿ!”

“ನಿನ್ ಹಿಂದ್ಗಡೆ ನಿಂತ್ಕಂಡು ಮಾವ ಬಾಯ್ನಾಗೆ ಮಾಡ್ತಿದ್ನಲ್ಲೋ!”

ಐವತ್ತು ವರ್ಷದ ತಂಬೂರಿ ಅಲ್ಲಿಗೆ ನಿಂತಿತು. ಹಿಂದೆಯೇ ಲಕ್ಷ್ಮೀನರಸಿಂಹಯ್ಯನವರಿಗೆ ಸಿಟ್ಟು ಬಂತು. “ಗೊತ್ತಿದ್ದೂ ಯಾಕಕ್ಕ ಓಡ್ಸು ಅಂತ ಪ್ರಾಣ ತಿಂದೆ? ಬೆಳಿಗ್ಗೆಯಿಂದ ನಾನು ಪಟ್ಟ ಪಾಡು ನಂಗೇ ಗೊತ್ತು!”

“ವರ್ಸ ವರ್ಸ ಫೋನ್‌ನಾಗೆ ಏನ್ ಹೇಳ್ತಿದ್ದೆ? ಎಣ್ಣೆ ಹಾಕ್ದೆ, ಒರೆಸ್ದೆ, ಕಂಡೀಸನ್ನಾಗಿ ಇಟ್ಟಿದೀನಿ ಅಂತ. ಎಲ್ಲೋ ರಿಪೇರಿ ಮಾಡುಸ್ಕಂಡವ್ನೆ ಅನ್ಕಂಡೆ ಕಣ್ಲಾ. ಅವತ್ತು ನಾನ್ ಎಳ್ದಿದ್ದು. ನಿಜವಾಗ್ ಓಡೋದ್ನ ಒಂದ್ ದಪ ನೋಡಾನ ಅಂತ ಬಂದೆ.” ಪುಟ್ಟಕ್ಕ ತಮ್ಮನ ಮುಖವನ್ನೇ ನೋಡಿದಳು. “ಅಲ್ಲ ಕಣ್ಲಾ, ಇಷ್ಟ್ ವರ್ಸದಾಗೆ ಒಂದ್ ಸಲವಾದ್ರೂ ಸೆಲ್ಲಿಗೆ ಹಚ್ಚಿ ನೋಡ್ಲಿಲ್ವಾ?”

“ಸವೆಯುತ್ತೆ ಅಂತ...” ಎಂದರು ಲಕ್ಷ್ಮೀನರಸಿಂಹಯ್ಯ.

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಅವಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಬೆಂಚು ಬಡಿದು ಬಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಷ್ಟು ನಕ್ಕು ಅವರಿಗೆ ಎಷ್ಟು ಕಾಲವಾಗಿತ್ತೋ. ಆಪರೇಷನ್ ಆದ ಕಣ್ಣು ಉಜ್ಜಬೇಡಿ ಅತ್ತಿಗೆ ಎಂದು ಸುಬ್ಬಲಕ್ಷ್ಮಮ್ಮ ದೂರದಿಂದಲೇ ಕೂಗಿದರು.

ಆ ಹೊತ್ತಿಗೆ ಕಲ್ಲಮ್ಮನವರು ಮೊಬೈಲ್ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದರು. “ನರಸಿಂಹಯ್ನೋರೇ, ವಿಡಿಯೋ ನೋಡಿ ಬಡಾವಣೆ ಸಂಘದೋರೆಲ್ಲ ಕುಣಿದಾಡ್ತವ್ರೆ. ರಾಜ್ಯೋತ್ಸವದ ದಿನ ಬಾವುಟ ಹಾರ್ಸಿದ್ ಮೇಲೆ ಇಲ್ಲೇ ನಿಮ್ಮ ದೋಣಿ ಕಾರ್ಯಕ್ರಮ. ಸ್ಕೂಲ್ ಮಕ್ಕಳನ್ನೆಲ್ಲ ಕರೆಸ್ತಾರಂತೆ. ನಿಮ್ಗೆ ಶಾಲು ಹಾರ!”

ಲಕ್ಷ್ಮೀನರಸಿಂಹಯ್ಯನವರು ಬೇಡ ಅನ್ನಲು ಬಾಯಿ ತೆರೆದರು.

“ಓಡುಸ್ತಾನೆ ಬುಡಿ, ಅದಕ್ಕೇನು” ಎಂದಳು ಪುಟ್ಟಕ್ಕ.

ಕಲ್ಲಮ್ಮನವರು ಅತ್ತ ಹೋದದ್ದೇ ತಡ, ಲಕ್ಷ್ಮೀನರಸಿಂಹಯ್ಯನವರು ಅಕ್ಕನ ಕೈ ಹಿಡಿದುಕೊಂಡರು. “ಏನಕ್ಕ ಹಿಂಗ್ ಮಾಡ್ದೆ!”

“ನಾಳೆ ಸ್ಕ್ರೂಡ್ರೈವರು ಪೂಜೆಯಿಂದ ಏಳಾಕಿಲ್ವಾ? ಬಿಚ್ಚಾನ. ನಾನೂ ಕುಂತ್ಕತೀನಿ. ಎಮ್ಮೆಗೆ ಪಕ್ಕದ್ಮನೆಯೋಳು ಹುಲ್ಲಾಕ್ತಾಳೆ, ಇವತ್ತು ನಾನು ಹೋಗಾಕಿಲ್ಲ.”

“ಬಿಚ್ಚಿದ್ ಮೇಲೂ ಓಡ್ದೆ ಇದ್ರೆ?”

“ಓಡ್ದಿದ್ರೆ ಆಚೆ ದಡದಾಗೆ ನಾನಿರಾಕಿಲ್ವೇನ್ಲಾ?”

ಅಷ್ಟರಲ್ಲಿ ಕಣಗಿಲೆ ಗಿಡದಿಂದ ಎದ್ದು ಬಂದ ಗಂಗಾಧರ ಎದುರಿಗೆ ನಿಂತಿದ್ದ. ತಲೆಯ ತುಂಬ ಎಲೆ, ಬೆರಳಿಗೆಲ್ಲ ಕಪ್ಪು ದಾರ ಸುತ್ತಿಕೊಂಡು ಗೆರೆ ಬಿದ್ದಿತ್ತು. ಕೊನೆಯ ಮಾತು ಅವನಿಗೂ ಕೇಳಿಸಿತ್ತು. ಕೆಲಸ ಕಳೆದುಕೊಂಡವನ ಮುಖ ಮಾಡಿಕೊಂಡು ಕೇಳಿದ.

“ಹಂಗಾರೆ ನಾನೇನ್ ಮಾಡ್ಲಿ ಪುಟ್ಟಕ್ಕ?”

ಪುಟ್ಟಕ್ಕ ಅವನನ್ನು ಹೊಸ ಕಣ್ಣಿನಿಂದ ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದಳು.

“ನೀನು ಸದ್ದು ಮಾಡಪ್ಪಾ.”